ಪಡಸಾಲೆಯಲ್ಲಿ ಚೆನ್ನಾಗಿ ಉರಿಯುತ್ತಿದ್ದ ಒಲೆ

ಯಗಟಿಯಿಂದ ಬಂದ ಆ ಮನುಷ್ಯ ಬೀರೂರಿನ ನನ್ನ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ತನಗೇನು ಬೇಕೆಂದು ಹೇಳಿಬಿಟ್ಟ.

"ಕಣ್ಣು ಕಾಣ್ದೋರು ಹಚ್ಚೋ ಅಂಥ ಗ್ಯಾಸ್ ಒಲೆ ಬೇಕು ಕಣಣ್ಣ. ತಂಟೆ ತಕರಾರು ಇರಬಾರ್ದು."

ಅವನ ಬಗಲಲ್ಲಿ ಗೋಣಿಚೀಲ ಸುತ್ತಿದ ಹಳೆಯ ಒಲೆಯೊಂದಿತ್ತು. ತಳದ ತಗಡು ತುಕ್ಕು ತಿಂದು ಉದುರುತ್ತಿತ್ತು, ಒಂದು ಕಾಲು ಮುರಿದಿತ್ತು. ಅವನ ತಾಯಿಗೆ ಸಕ್ಕರೆ ಕಾಯಿಲೆಯಿಂದ ಎರಡು ವರ್ಷದ ಹಿಂದೆ ಕಣ್ಣು ಹೋಗಿತ್ತು. ಹೆಂಡತಿ ಪಕ್ಕದ ಊರಿನ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಳು. ಇವನು ತೆಂಗಿನ ಕಾಯಿ ಕೀಳಿಸಲು ಬೆಳಿಗ್ಗೆಯೇ ಹೊರಡುತ್ತಿದ್ದ. ಮನೆಯ ಅಡುಗೆ ಪೂರಾ ತಾಯಿಯದೇ. ಬೇಡವೆಂದರೆ ಆಕೆ ಕೇಳುತ್ತಿರಲಿಲ್ಲವಂತೆ.

"ಒಲೆ ಬಿಡ್ಸಿದ್ರೆ ನಾನು ಮೂಲೇಲಿ ಕೂತ್ಕೊಳ್ಳೋ ಮೂಟೆ ಆಯ್ತೀನಿ ಅಂತಾರೆ. ನಂಗೋ ದಿನಾ ಎದೆ ಡವಡವ. ನೀವೇ ನೋಡಿ ಒಂದು ಒಳ್ಳೇದು ಕೊಡಿ," ಎಂದ.

'ನೀವೇ ನೋಡಿ' ಎಂದರೆ ನನಗೆ ತಲೆ ತಿರುಗುತ್ತದೆ. ಅವನನ್ನು ಕೂರಿಸಿ, ಅಂಗಡಿಯಲ್ಲಿದ್ದ ಆರು ಒಲೆಗಳನ್ನು ಸಾಲಾಗಿ ಜೋಡಿಸಿ, ಕಣ್ಣಿಗೆ ಟವೆಲ್ ಕಟ್ಟಿಕೊಂಡು ಒಂದೊಂದನ್ನೇ ಹಚ್ಚಿ ನೋಡಿದೆ. ಒಳಗಿನಿಂದ ಬಂದ ನನ್ನ ಹೆಂಡತಿ, "ಕಣ್ಣು ಬಿಟ್ಕೊಂಡಿದ್ದಾಗ್ಲೇ ಕೈ ಸುಟ್ಕೊಳ್ತೀರಿ, ಇದ್ಯಾಕ್ ಬೇಕು ನಿಮ್ಗೆ," ಎಂದು ನಕ್ಕಳು. ಅವಳು ಹೇಳಿದ ಹಾಗೆಯೇ ಮೂರನೆಯದಕ್ಕೆ ಹೆಬ್ಬೆರಳು ಚುರುಕ್ ಎಂದಿತು.

ನನಗಿದ್ದ ಭಯ ಒಂದೇ. ಉರಿ ಆರಿಹೋಗಿ ಗ್ಯಾಸ್ ಮಾತ್ರ ಬರುತ್ತಿದ್ದರೆ ಕಣ್ಣಿಲ್ಲದವರಿಗೆ ಗೊತ್ತಾಗುವುದು ಹೇಗೆ? ಆದ್ದರಿಂದ ಗಾಜಿನ ಮೇಲ್ಮೈಯ ಹೊಸ ಮಾದರಿಯೊಂದನ್ನು ಆರಿಸಿದೆ. ಅದಕ್ಕೆ ಲೈಟರ್ ಬೇಡ. ನಾಬ್ ಒತ್ತಿ ತಿರುಗಿಸಿದರೆ ತಾನೇ ಕಿಡಿ ಹಾರಿ ಹೊತ್ತಿಕೊಳ್ಳುತ್ತದೆ. ಬರ್ನರ್ ಪಕ್ಕದಲ್ಲಿ ಪೆನ್ಸಿಲಿನ ಮೊನೆಯಷ್ಟು ದಪ್ಪದ ಕಡ್ಡಿಯೊಂದು ಇರುತ್ತದೆ. ಉರಿಯ ಬಿಸಿ ಆ ಕಡ್ಡಿಗೆ ತಾಗುತ್ತಿರುವವರೆಗೆ ಮಾತ್ರ ಗ್ಯಾಸ್ ಬರುತ್ತದೆ, ಉರಿ ಆರಿದರೆ ಗ್ಯಾಸೂ ನಿಲ್ಲುತ್ತದೆ. ಹೊತ್ತಿಸುವಾಗ ಕಡ್ಡಿ ಬಿಸಿಯಾಗುವ ತನಕ ನಾಬನ್ನು ಒತ್ತಿ ಹಿಡಿದಿರಬೇಕು, ಅಷ್ಟೇ. ಇದಕ್ಕಿಂತ ಭದ್ರವಾದದ್ದು ಇನ್ನೇನಿದೆ ಎಂದುಕೊಂಡೆ.

ಹಳೆಯ ಒಲೆಯನ್ನು ಹಿತ್ತಲ ಗುಜರಿಗೆ ಎಸೆಯುವಾಗ ಅದರ ಮುಂದಿನ ತಗಡಿನಲ್ಲಿ ಒಂದು ತಗ್ಗು ಕಂಡಿತು. ಮೂರು ಬೆರಳು ಹುದುಗುವಷ್ಟು ಅಗಲ, ಒಳಗೆಲ್ಲ ಸುಣ್ಣದಂಥ ಬಿಳಿ ಕರೆ. "ಎಷ್ಟು ಸಲ ಬೀಳಿಸಿದ್ದೀರಿ ಇದನ್ನ?" ಎಂದು ತಮಾಷೆ ಮಾಡಿದೆ. ಅವನೂ ನಕ್ಕ.

ಒಲೆ ಜೋಡಿಸಲು ನಾನೇ ಯಗಟಿಗೆ ಹೋದೆ. ಅವರದು ದಿನವೂ ಲಿಂಗಪೂಜೆ ಮಾಡಿಕೊಂಡೇ ಒಲೆ ಹಚ್ಚುವ ಮನೆ. ದೇವರ ಗೂಡು ಅಡುಗೆಮನೆಯಲ್ಲೇ ಇತ್ತು, ಹೊರಗಿನವರು ಅಲ್ಲಿಗೆ ಹೋಗುವ ರೂಢಿ ಇರಲಿಲ್ಲ. ನಾನು ಯಾರ ಪೈಕಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಸುಬಿನವರು ಪಡಸಾಲೆ ದಾಟುತ್ತಿರಲಿಲ್ಲ, ಅಷ್ಟೆ. ಸಿಲಿಂಡರನ್ನೂ ಒಲೆಯನ್ನೂ ಪಡಸಾಲೆಯಲ್ಲೇ ಜೋಡಿಸಿ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದೋ ಎಂದು ನೋಡಿ, ಆ ತಾಯಿಯ ಕೈ ಹಿಡಿದು ನಾಬ್ ತಿರುಗಿಸುವುದನ್ನು ಹೇಳಿಕೊಟ್ಟೆ. ಆಕೆ ಎರಡನೇ ಸಲಕ್ಕೇ ಕಲಿತರು. ಆಮೇಲೆ ಮಗನೇ ಎಲ್ಲವನ್ನೂ ಒಳಗೆ ಒಯ್ದು ಇಟ್ಟ. ಒಲೆ ಇಡುವ ಜಾಗವನ್ನು ಕಣ್ಣಾರೆ ನೋಡಿಯೇ ಜೋಡಿಸಬೇಕು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ನಾನು ನೋಡಲಿಲ್ಲ. ಕಿಟಕಿ ಇದೆಯೇ, ಕಟ್ಟೆ ಎಷ್ಟೆತ್ತರ ಎಂದು ಬಾಯಿಮಾತಿನಲ್ಲಿ ಕೇಳಿಕೊಂಡು ಬಸ್ಸು ಹತ್ತಿದೆ.

ಎರಡು ವಾರಕ್ಕೆ ಸೊಸೆಯ ಫೋನ್ ಬಂತು.

"ಅಣ್ಣಾ, ಪಾತ್ರೆ ತಳ ಎಲ್ಲಾ ಮಸಿ ಹಿಡೀತೈತೆ. ಉರಿ ಹಳದಿಗೆ ಬತ್ತೈತೆ. ಸಾರು ಕುದೀತಿರೋವಾಗ್ಲೇ ಆರ್ಹೋಯ್ತದೆ."

ಗ್ಯಾಸ್ ಒಲೆಯ ಉರಿ ಹಳದಿಯಾದರೆ ಅದಕ್ಕೆ ಗಾಳಿ ಸಾಲುತ್ತಿಲ್ಲವೆಂದು ಅರ್ಥ. ಬರ್ನರ್ ತೂತು ಕಟ್ಟಿರಬೇಕು, ಇಲ್ಲವೇ ಕೆಳಗಿನ ಕೊಳವೆಯಲ್ಲಿ ಕಸ ಸೇರಿರಬೇಕು. ಐದು ನಿಮಿಷದ ಕೆಲಸ. ಮಾರನೆಯ ದಿನ ಹನ್ನೊಂದು ಗಂಟೆಗೆ ಹೋದೆ. ಒಲೆ ಪಡಸಾಲೆಯಲ್ಲಿ ನನಗಾಗಿ ಕಾದಿತ್ತು. ಹಚ್ಚಿದೆ. ಬಿಸಿಲಿಗೆ ಉರಿ ಕಾಣದೆ ಟವೆಲ್ ಮರೆ ಮಾಡಿ ನೋಡಿದೆ. ಅಪ್ಪಟ ನೀಲಿ. ತಣ್ಣೀರಿನ ಪಾತ್ರೆಯಿಟ್ಟು ಕುದಿಸಿದೆ, ತಳದಲ್ಲಿ ಮಸಿಯ ಗುರುತೇ ಇಲ್ಲ. ತೂತುಗಳಿಗೆ ಪಿನ್ ಹಾಕಿದರೆ ಏನೂ ಬರಲಿಲ್ಲ.

"ಒಲೇನ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀಯಮ್ಮ," ಎಂದೆ. ನಾನು ಬರುತ್ತೇನೆಂದು ಅಂಗನವಾಡಿಗೆ ರಜೆ ಹಾಕಿದ್ದ ಸೊಸೆಯ ಮುಖ ಅರಳಿತು. ಎಲ್ಲರ ಮನೆಯಲ್ಲೂ ಹೀಗೆ ಫಳಫಳ ಇಟ್ಟುಕೊಂಡರೆ ನಮ್ಮಂಥವರು ಉಪವಾಸ ಬೀಳಬೇಕು ಎಂದೂ ಹೇಳಿ ನಗಿಸಿದೆ. ನನ್ನ ಬುದ್ಧಿಗಿಷ್ಟು!

ಎಂಟು ದಿನಕ್ಕೆ ಮತ್ತೆ ಅದೇ ಫೋನ್. ಈ ಸಲ ರೆಗ್ಯುಲೇಟರ್ ಬದಲಿಸಿದೆ, ಪೈಪು ಬದಲಿಸಿದೆ. ಸಿಲಿಂಡರಿನ ತಳದ ಎಣ್ಣೆ ಬರುತ್ತಿರಬಹುದೆಂದು ಬೇರೆ ಸಿಲಿಂಡರ್ ಹಾಕಿಸಿ ನೋಡಿದೆ. ಪಡಸಾಲೆಯಲ್ಲಿ ಒಲೆ ಮೊದಲಿನಂತೆಯೇ ಉರಿಯಿತು. ಅದು ಒಳಗೆ ಹೋದ ನಾಲ್ಕು ದಿನಕ್ಕೆ ಮತ್ತೆ ಹಳದಿ, ಮತ್ತೆ ಮಸಿ. ಮೂರನೆಯ ಸಲ ಒಲೆಯನ್ನೇ ವಾಪಸ್ ತಂದು, ಅದೇ ಮಾದರಿಯ ಇನ್ನೊಂದು ಹೊಸ ಒಲೆಯನ್ನು ಡಬ್ಬಿ ಒಡೆದು ಕೊಟ್ಟೆ. ವಾಪಸ್ ತಂದದ್ದನ್ನು ನನ್ನ ಮನೆಯಲ್ಲೇ ಹಚ್ಚಿಸಿದೆ. ನಮ್ಮ ಮನೆಯ ರೊಟ್ಟಿ, ಅನ್ನ, ಕಾಫಿ ಎಲ್ಲವೂ ಅದರ ಮೇಲೆ ಸಲೀಸಾಗಿ ಆದವು. ಯಗಟಿಯ ಹೊಸ ಒಲೆ ಮಾತ್ರ ವಾರ ತುಂಬುವುದರೊಳಗೆ ಆರತೊಡಗಿತು.

ಅಲ್ಲಿಂದ ಮುಂದೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತರೀಕೆರೆಯಲ್ಲಿ ಒಂದು ಹಾಸ್ಟೆಲ್ಲಿನ ದೊಡ್ಡ ಒಲೆ ಬಿಚ್ಚಿ ಕೂತಿದ್ದೆ. ಯಾವ ಸ್ಕ್ರೂ ಎಲ್ಲಿಯದೆಂದು ಮರೆತು ಎರಡು ಸಲ ಜೋಡಿಸಿ ಎರಡು ಸಲ ಬಿಚ್ಚಿದೆ. ಅಜ್ಜಂಪುರದಲ್ಲಿ ಒಬ್ಬರ ಮನೆಯ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದವನು, ಸೋಪಿನ ನೀರು ಹಚ್ಚಿ ನೋಡಿದೆನೋ ಇಲ್ಲವೋ ಎಂದು ಅನುಮಾನ ಬಂದು ವಾಪಸ್ ಓಡಿದೆ. ನೋಡಿದ್ದೆ. ಆ ಮನೆಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಫೋನ್ ಸದ್ದಾದರೆ ಸಾಕು, ಯಗಟಿಯದೇ ಎಂದುಕೊಳ್ಳುತ್ತಿದ್ದೆ. ಬುಕ್ಕಾಂಬುಧಿಯ ಗಿರಾಕಿಯೊಬ್ಬರು ಮಗಳ ಮದುವೆಗೆ ಕರೆಯಲು ಫೋನ್ ಮಾಡಿದರೆ, "ಗ್ಯಾಸ್ ವಾಸನೆ ಬರ್ತಿದೆಯಾ?" ಎಂದು ಕೇಳಿಬಿಟ್ಟೆ.

ನಾಲ್ಕನೆಯ ಸಲ ಹೋದಾಗ ಪಡಸಾಲೆಯಲ್ಲಿ ಒಲೆ ಮತ್ತೆ ಅಪ್ಪಟ ನೀಲಿಯಾಗಿ ಉರಿಯಿತು. ನನಗೆ ರೇಗಿಹೋಯಿತು. ಆ ತಾಯಿ ಕಂಬಕ್ಕೆ ಒರಗಿ ಕೂತಿದ್ದರು. ಅವರ ಕಡೆ ತಿರುಗಿ ಹೇಳಬಾರದ ಮಾತು ಹೇಳಿದೆ.

"ಅಮ್ಮಾ, ಒಲೆ ಸರಿಯಾಗೇ ಇದೆ. ನಿಮಗೆ ಕಾಣಲ್ಲವಲ್ಲ, ಉರಿ ಆರಿದ್ಯೋ ಇಲ್ವೋ ಗೊತ್ತಾಗ್ತಿಲ್ಲ ಅಷ್ಟೇ."

ಸೊಸೆ ತಲೆ ತಗ್ಗಿಸಿದಳು. ಆ ತಾಯಿ ಸಿಟ್ಟಾಗಲಿಲ್ಲ.

"ಉರಿ ಕಾಣಕ್ಕಿಲ್ಲ ಕಣಪ್ಪಾ, ಕೇಳುತ್ತೆ," ಎಂದರು. "ಚೆಂದಾಗ್ ಉರಿಯೋವಾಗ ಸುಯ್ಯಂತ ಒಂದೇ ಸಮ ಇರುತ್ತೆ. ಈಗ ನೀನು ಹಚ್ಚಿದ್ಯಲ್ಲ, ಹಂಗೆ. ಒಳಗೆ ನಾನು ಹಚ್ಚಿದ್ರೆ ತಪತಪ ಅಂತದೆ, ಗಾಳೀಗ್ ಸಿಕ್ಕಿದ್ ಬಟ್ಟೆ ಹಂಗೆ. ಆಮೇಲ್ ಸುಮ್ಕಾಗ್ಬಿಡ್ತದೆ."

ಅವರು ಹೇಳಿದ್ದು ಅಕ್ಷರಶಃ ಸರಿ. ಕೊಳವೆ ಕಟ್ಟಿದ ಬರ್ನರ್ ಅದೇ ಸದ್ದು ಮಾಡುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ನಾನು ಕಣ್ಣಿನಿಂದ ನೋಡುವುದನ್ನಷ್ಟೇ ಕಲಿತಿದ್ದೆ. ನಾಚಿಕೆಯಾಯಿತು. ಆದರೆ ತಪ್ಪಾಯಿತು ಎಂದು ಹೇಳುವಷ್ಟು ದೊಡ್ಡ ಮನಸ್ಸು ಆ ಹೊತ್ತಿಗೆ ಬರಲಿಲ್ಲ. ಏನೋ ತೊದಲಿ, ಸಾಮಾನಿನ ಚೀಲ ಎತ್ತಿಕೊಂಡು ಬಂದೆ.

ಮೂರು ದಿನ ಬಿಟ್ಟು ಮಧ್ಯಾಹ್ನ ಮಗನ ಫೋನ್ ಬಂತು. ಬೆಳಿಗ್ಗೆ ತಾಯಿ ನಾಬ್ ಒತ್ತಿ ಹಿಡಿದಿದ್ದಾರೆ, ಕಿಡಿ ಹಾರಿದರೂ ಒಲೆ ಹೊತ್ತಿಲ್ಲ. ಒತ್ತಿ ಹಿಡಿದಷ್ಟು ಹೊತ್ತೂ ಗ್ಯಾಸ್ ಬರುತ್ತಲೇ ಇತ್ತು. ಆಮೇಲೆ ಒಮ್ಮೆಲೇ ಭಗ್ಗೆಂದು ಹೊತ್ತಿಕೊಂಡಿದೆ. ಮುಂಗೈ ಮೇಲಿನ ಕೂದಲು ಸುಟ್ಟು, ಸೆರಗಿನ ಅಂಚು ಕರಕಲಾಗಿದೆ. ದೇವರ ದಯೆ, ಅಷ್ಟಕ್ಕೇ ನಿಂತಿತ್ತು.

"ಸಾಕು ಕಣಣ್ಣ. ನಾಳೆ ಸಿಲಿಂಡರ್ ಬಿಚ್ಚಿ ಕೊಟ್ಟಿಗೆಗೆ ಹಾಕ್ತೀನಿ. ಹೆಂಡ್ತಿ ಕೆಲ್ಸ ಬಿಡಿಸ್ತೀನಿ, ಇಲ್ಲಾ ನಾನೇ ಗಂಜಿ ಕಾಯಿಸ್ತೀನಿ. ಅಮ್ಮ ಒಲೆ ಮುಂದೆ ಹೋಗೋದು ಇವತ್ತಿಗೆ ಮುಗೀತು."

"ನಾಳೆ ನಾನು ಬರ್ತೀನಿ. ಅಲ್ಲೀ ತನಕ ತಡಿ. ಒಲೆ ಯಾರೂ ಹಚ್ಚಬೇಡಿ," ಎಂದೆ.

ಭದ್ರವೆಂದು ನಾನು ಆರಿಸಿಕೊಟ್ಟ ಒಲೆಯೇ ಆ ಕೈಯನ್ನು ಸುಟ್ಟಿತ್ತು. ಊಟ ಸೇರಲಿಲ್ಲ. ಹೆಂಡತಿ ಎರಡು ಸಲ ಕರೆದು ಸುಮ್ಮನಾದಳು.

ಮರುದಿನ ಮೊದಲ ಬಸ್ಸಿಗೇ ಹೋದೆ. ನಾನು ಯಾವಾಗಲೂ ಹನ್ನೊಂದಕ್ಕೆ ಬರುವವನು. ಅಷ್ಟು ಬೇಗ ಬರುತ್ತೇನೆಂದು ಅವರು ಎಣಿಸಿರಲಿಲ್ಲ. ಪಡಸಾಲೆ ಖಾಲಿಯಿತ್ತು. ಮನೆಯ ಪಕ್ಕದಲ್ಲಿ ನೀರಿನ ಸದ್ದು ಕೇಳಿ ಆ ಕಡೆ ಹೋದೆ. ಸೊಸೆ ಒಲೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿಕೊಂಡು, ಕೊಡದಿಂದ ನೀರು ಸುರಿದು, ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು.

"ಏನಮ್ಮಾ ಇದು? ಪ್ರತಿ ಸಲ ಹಿಂಗೇ ತೊಳ್ದು ತಂದಿಡ್ತಿದ್ಯಾ?"

"ಮತ್ತೆ? ಮಸಿ ಹಿಡಿದ್ ಒಲೆ ರಿಪೇರಿಯೋರ್ ಮುಂದೆ ಇಡಕ್ಕಾಯ್ತದಾ ಅಣ್ಣಾ? ಗಲೀಜು ಮನೆ ಅಂದ್ಕೊಳ್ಳಲ್ವಾ?"

ತಲೆ ಚಚ್ಚಿಕೊಳ್ಳಬೇಕೆನಿಸಿತು. ರೋಗವನ್ನೆಲ್ಲ ತೊಳೆದು ರೋಗಿಯನ್ನು ನನ್ನ ಮುಂದೆ ತಂದಿಡುತ್ತಿದ್ದಳು, ನಾನು ಶಹಬ್ಬಾಸ್ ಎನ್ನುತ್ತಿದ್ದೆ. ಅಷ್ಟರಲ್ಲಿ ಕಲ್ಲಿನಿಂದ ಇಳಿದು ಹರಿಯುತ್ತಿದ್ದ ನೀರಿನ ಮೇಲೆ ಕಣ್ಣು ಬಿತ್ತು. ಮಸಿಯ ಜೊತೆಗೆ ಅದರಲ್ಲಿ ಹಾಲಿನಂಥ ಬಿಳುಪಿತ್ತು.

"ಹಾಲು ಉಕ್ಕಿತ್ತಾ?"

"ಇಲ್ಲಣ್ಣ, ಅದು ವಿಭೂತಿ. ಅತ್ತೆ ದಿನಾ ಒಲೆಗೆ ಇಡ್ತಾರೆ."

ಎಲ್ಲಿ ಇಡುತ್ತಾರೆ, ಹೇಗೆ ಇಡುತ್ತಾರೆ, ನಾನು ನೋಡಬೇಕು ಎಂದೆ. ಸೊಸೆ, ಮಾತು ಕೇಳಿ ಹೊರಗೆ ಬಂದಿದ್ದ ಗಂಡನ ಮುಖ ನೋಡಿದಳು, ಅವನು ನೆಲ ನೋಡಿದ. ಒಳಗಿನಿಂದ ತಾಯಿಯ ದನಿ ಬಂತು.

"ಕೈಕಾಲ್ ತೊಳ್ಕೊಂಡು ಒಳಗ್ ಬಾರಪ್ಪ. ಒಲೆ ನೋಡೋನು ಒಲೆ ಇರೋ ಕಡೆ ಬರದೆ ಇನ್ನೆಲ್ಲಿಗೆ ಹೋದಾನು?"

ಹೀಗೆ ಐದನೆಯ ಸಲ ರಿಪೇರಿಗೆ ಬಂದಾಗ ನಾನು ಆ ಅಡುಗೆಮನೆಯನ್ನು ಮೊದಲ ಬಾರಿಗೆ ನೋಡಿದೆ. ಕಿಟಕಿ ಅವರು ಹೇಳಿದಂತೆಯೇ ಇತ್ತು. ಕಟ್ಟೆಯೂ ಸರಿಯಿತ್ತು. ಮಗ ಒಲೆಯನ್ನು ತಂದು ಅದರ ಜಾಗದಲ್ಲಿಟ್ಟ. ಮಿಂದು ಮಡಿಯಾಗಿದ್ದ ಆ ತಾಯಿ ಗೂಡಿನಿಂದ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ತೆಗೆದುಕೊಂಡರು. ಎಡಗೈ ಗಾಜಿನ ಮೇಲೆ ಸರಿಯುತ್ತ ಹೋಗಿ ಬರ್ನರನ್ನು ಮುಟ್ಟಿ ನಿಂತಿತು. ಅಲ್ಲೇ, ಬರ್ನರಿನ ಮೇಲೆಯೇ, ಮೂರು ಬೆರಳಿನಿಂದ ಗಟ್ಟಿಯನ್ನು ಉಜ್ಜಿದರು. ಬಿಳಿ ಪುಡಿ ತೂತುಗಳೊಳಗೆ ಸಣ್ಣಗೆ ಉದುರಿತು. ಉಳಿದದ್ದನ್ನು ಬರ್ನರಿನ ನೆತ್ತಿಗೆ ಮೂರು ಗೆರೆಯಾಗಿ ಎಳೆದು ಕೈ ಮುಗಿದರು. ಇನ್ನೊಂದು ಬರ್ನರಿಗೂ ಹಾಗೆಯೇ ಮಾಡಿದರು. ಆ ಪುಡಿ ದಿನದಿನವೂ ಕೊಳವೆಗೆ ಇಳಿಯುತ್ತಿತ್ತು, ಉಕ್ಕಿದ ಸಾರಿನ ಜೊತೆ ಕಲಸಿ ಅಂಟುತ್ತಿತ್ತು, ಬಿಸಿ ತಿಳಿಯುವ ಕಡ್ಡಿಗೂ ಮೆತ್ತಿಕೊಳ್ಳುತ್ತಿತ್ತು. ಒಲೆ ಆರದೆ ಇನ್ನೇನು ಮಾಡೀತು?

"ಅಮ್ಮಾ, ಬರ್ನರ್ ಮೇಲೆ ಯಾಕೆ ಇಡ್ತೀರಿ? ಮುಂದುಗಡೆ ಇಡಬಾರ್ದಾ?"

"ಮುಂದೆಲ್ಲಿ ಅಂತ ಇಡ್ಲಪ್ಪ? ಎಲ್ಲಾ ನುಣ್ಣಗೈತೆ, ಕೈಗೇನೂ ಸಿಗಕ್ಕಿಲ್ಲ. ಒಂದಿನ ನಾಬಿಗೆ ಇಡೋಕೋದೆ, ಅದು ತಿರುಗ್ಬಿಡ್ತು. ಬರ್ನರೇ ಸಿಗೋದು." ಒಲೆಯ ಮುಂಭಾಗದ ಮೇಲೆ ಬೆರಳಾಡಿಸಿ, "ಹಳೇದ್ರಲ್ಲಿ ಮುಂದೆ ಒಂದು ತಗ್ಗಿತ್ತು. ಕಣ್ಣಿದ್ದಾಗಿಂದ್ಲೂ ಅಲ್ಲೇ ಇಡ್ತಿದ್ದೆ. ಕಣ್ಣು ಹೋದ್ಮೇಲೂ ಬೆರಳು ತಾನೇ ಅಲ್ಲಿಗೆ ಹೋಗ್ತಿತ್ತು," ಎಂದರು.

ಸುಣ್ಣದಂಥ ಬಿಳಿ ಕರೆ. ಎಷ್ಟು ಸಲ ಬೀಳಿಸಿದ್ದೀರಿ ಎಂದು ನಕ್ಕಿದ್ದು ನೆನಪಾಗಿ ಮೈ ಹಿಡಿಯಾಯಿತು.

ಮಗ ಬಾಗಿಲಲ್ಲೇ ನಿಂತಿದ್ದ. "ಇಷ್ಟೇನಾ? ಹಂಗಾದ್ರೆ ಅಮ್ಮ ವಿಭೂತಿ ಇಡೋದ್ ಬಿಟ್ರೆ ಆಯ್ತಲ್ಲ," ಎಂದ. ಅವನ ದನಿಯಲ್ಲಿ ನಿರಾಳವಿತ್ತು. ತಪ್ಪೇನಿಲ್ಲ, ಅವನು ಹೆದರಿದ್ದ.

ಆ ತಾಯಿ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟರು. ಕೈಗೆ ಅಂಟಿದ ಪುಡಿಯನ್ನು ಹಣೆಗೆ ಒರೆಸಿಕೊಂಡರು. "ಬಿಡ್ತೀನಿ ಬಿಡು. ಒಲೇನೇ ಬಿಡೋದಕ್ಕಿಂತ ಅದು ವಾಸಿ," ಎಂದರು.

ನಾನು ಅಲ್ಲಿಗೆ ಬಿಟ್ಟು ಎದ್ದು ಬರಬಹುದಿತ್ತು. ರೋಗ ಸಿಕ್ಕಿತ್ತು, ಮದ್ದೂ ಸಿಕ್ಕಿತ್ತು. ಆದರೆ ಕಣ್ಣು ಹೋದ ಹೆಂಗಸು ಒಂದೊಂದಾಗಿ ಏನೇನನ್ನು ಬಿಡಬೇಕು? ನನಗೆ ತಡೆಯಲಾಗಲಿಲ್ಲ. ಆಕೆ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೈಗೆ ಸಿಗದ ಒಲೆಯನ್ನು ಕೊಟ್ಟವನು ನಾನು.

"ಒಂದು ದಿನ ಕೊಡಿ," ಎಂದೆ. "ಇವತ್ತು ಇದನ್ನು ಹಚ್ಚಬೇಡಿ. ನಾಳೆ ಬರ್ತೀನಿ."

"ನಾಳೆ ಒಂದು ದಿನ ಅಷ್ಟೇ ಕಣಣ್ಣ," ಎಂದ ಮಗ. ಸಿಲಿಂಡರ್ ಬಿಚ್ಚಿ ಪಡಸಾಲೆಗೆ ತಂದು ನಿಲ್ಲಿಸಿಯೇ ನನ್ನನ್ನು ಕಳಿಸಿಕೊಟ್ಟ.

ಅಂಗಡಿಗೆ ಬಂದವನೇ ಹಿತ್ತಲ ಗುಜರಿಯನ್ನು ಕೆದಕಿ ಹಳೆಯ ಒಲೆಯನ್ನು ಎಳೆದೆ. ಅದರ ಪಕ್ಕದಲ್ಲಿ, ಈಗ ಯಾರೂ ಕೇಳದ ಸಾದಾ ಮಾದರಿಯ ಒಂದು ಹೊಸ ಒಲೆಯನ್ನಿಟ್ಟೆ. ಸ್ಟೀಲಿನ ಮೈ, ಭಾರದ ಹಿತ್ತಾಳೆ ಬರ್ನರ್, ಪಾತ್ರೆ ಜಾರದಂಥ ಅಗಲ ಕಾಲು. ಗಾಜಿಲ್ಲ, ಕಿಡಿಯಿಲ್ಲ, ಕಡ್ಡಿಯಿಲ್ಲ. ಲೈಟರಿನಿಂದ ಹಚ್ಚಬೇಕು. ನಾಬಿನ ಮೇಲೆ ಉದ್ದಕ್ಕೆ ಎದ್ದು ನಿಂತ ಏಣು ಇದೆ. ಅದು ಅಡ್ಡ ಮಲಗಿದರೆ ಬಂದ್, ನೆಟ್ಟಗಾದರೆ ಉರಿ. ಅದು ಕೈಗೆ ಸಿಗುತ್ತದೆ. ಮತ್ತೆ ಟವೆಲ್ ಕಟ್ಟಿಕೊಂಡು ಕೂತೆ. ಈ ಸಲ ಹಚ್ಚುವುದನ್ನಷ್ಟೇ ನೋಡಲಿಲ್ಲ. ಹಚ್ಚಿ, ಸುಮ್ಮನೆ ಕೂತು, ಕೇಳಿದೆ. ಬರ್ನರಿನ ಕೆಳಗಿನ ಕೊಳವೆಗೆ ಗಾಳಿ ಬಿಡುವ ತಗಡನ್ನು ಕೂದಲೆಳೆಯಷ್ಟು ಸರಿಸುತ್ತ, ಸದ್ದು ಒಂದೇ ಸಮ ಆಗುವವರೆಗೂ ಕೇಳಿದೆ.

ಆಮೇಲೆ ಹಳೆಯ ಒಲೆಯ ತಗ್ಗನ್ನು ಅಳೆದೆ. ಎಡ ನಾಬಿನಿಂದ ಬಲಕ್ಕೆ ನಾಲ್ಕು ಬೆರಳು, ಮೇಲಂಚಿನಿಂದ ಎರಡು. ಹೊಸ ಒಲೆಯ ಮುಂದಿನ ತಗಡನ್ನು ಬಿಚ್ಚಿ, ಮರಳು ತುಂಬಿದ ಚೀಲದ ಮೇಲೆ ಮಲಗಿಸಿ, ಪೆನ್ಸಿಲಿನಿಂದ ಗುರುತು ಮಾಡಿದೆ. ಉಂಡೆ ತಲೆಯ ಸುತ್ತಿಗೆ ಕೈಯಲ್ಲಿತ್ತು. ಹೊಡೆಯಲು ಕೈ ಬರಲಿಲ್ಲ. ಒಲೆಗೆ ಗೀರು ಬಿದ್ದರೆ ಜಗಳ ಕಾಯುವವನು ನಾನು.

"ಹೊಸಾ ಒಲೆಗೆ ಸುತ್ತಿಗೆ ಹಾಕೋ ಅಂಥದ್ದು ಏನ್ ಬಂತು ನಿಮ್ಗೆ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಹೇಳಿದೆ. ಅವಳು ನಗಲಿಲ್ಲ. "ಮೆತ್ತಗೆ ಹೊಡೀರಿ. ಅಂಚು ಚೂಪಾದ್ರೆ ಬೆರಳು ಕುಯ್ಯುತ್ತೆ," ಎಂದಳು. ಹೊಡೆದೆ. ಸಣ್ಣ ಸಣ್ಣ ಏಟಿನಲ್ಲಿ ತಗಡು ಒಳಗೆ ಇಳಿಯಿತು. ಅವಳೇ ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ, ಇನ್ನೊಂದು ಚೂರು ಆಳ ಬೇಕೆಂದಳು.

ಮರುದಿನ ಮೊದಲ ಬಸ್ಸು. ಈ ಸಲ ಪಡಸಾಲೆಯಲ್ಲಿ ನಿಲ್ಲಿಸಿದ್ದ ಸಿಲಿಂಡರನ್ನು ನಾನೇ ಎತ್ತಿಕೊಂಡು ಒಳಗೆ ಹೋದೆ. ಪೈಪು ಹಾಕಿದೆ, ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಕಿಟಕಿ ತೆಗೆದಿಟ್ಟೇ ಹಚ್ಚಬೇಕು, ತಪತಪ ಕೇಳಿದ ಕೂಡಲೇ ನಾಬ್ ಮುಚ್ಚಬೇಕು, ಅಡುಗೆ ಮುಗಿದ ಮೇಲೆ ರೆಗ್ಯುಲೇಟರ್ ಬಂದ್ ಮಾಡಲೇಬೇಕು ಎಂದು ಮೂವರಿಗೂ ಹೇಳಿದೆ. ಉರಿ ಆರಿದರೆ ಗ್ಯಾಸ್ ತಾನಾಗಿ ನಿಲ್ಲುವ ಏರ್ಪಾಡು ಇದರಲ್ಲಿಲ್ಲ ಎನ್ನುವುದನ್ನೂ ಮುಚ್ಚಿಡಲಿಲ್ಲ. ಮಗ ಕೈಕಟ್ಟಿ ನಿಂತಿದ್ದ. ಸರಿಹೋಗದಿದ್ದರೆ ಮತ್ತೆ ಬಿಚ್ಚಲೆಂದು ಹಿಡಿದಿದ್ದ ಪಾನಾ ಇನ್ನೂ ಅವನ ಕೈಯಲ್ಲೇ ಇತ್ತು.

"ಬನ್ನಿ ಅಮ್ಮಾ, ನೋಡಿ," ಎಂದೆ.

ಆ ತಾಯಿ ಒಲೆಯ ಮುಂದೆ ನಿಂತು ಮೇಲಿನಿಂದ ಕೆಳಗೆ ಕೈಯಾಡಿಸಿದರು. ಬರ್ನರ್, ಕಾಲು, ನಾಬು. ಆಮೇಲೆ ಮುಂದಿನ ತಗಡು. ಬೆರಳು ತಗ್ಗಿಗೆ ಇಳಿದು ನಿಂತಿತು.

"ಯಾರೋ ಬೀಳಿಸ್ಬಿಟ್ಟವ್ರೆ ಕಣಪ್ಪಾ ಇದನ್ನ. ಹೊಸಾದು ಅಂತ ನಿಂಗೆ..." ಎಂದವರು ಅರ್ಧಕ್ಕೆ ಸುಮ್ಮನಾದರು. ಬೆರಳು ಎಡ ನಾಬಿಗೆ ಹೋಗಿ, ನಾಲ್ಕು ಬೆರಳು ಅಳೆದು, ಮತ್ತೆ ತಗ್ಗಿಗೆ ಬಂತು.

"ನಾನೇ ಬೀಳಿಸಿದ್ದು ಕಣಮ್ಮ," ಎಂದೆ. "ಅವತ್ತು ಹೇಳಬಾರದ್ದು ಹೇಳಿದೆ. ತಪ್ಪಾಯ್ತು."

ಅವರು ಗೂಡಿನತ್ತ ಕೈಚಾಚಿ ಬಟ್ಟೆಯ ಗಂಟನ್ನು ಬಿಚ್ಚಿದರು. ಮೂರು ಬೆರಳು ಗಟ್ಟಿಯ ಮೇಲೆ ಉಜ್ಜಿದವು, ತಡವರಿಸದೆ ತಗ್ಗಿಗೆ ಹೋದವು, ಮೂರು ಗೆರೆ ಎಳೆದವು. ಆಮೇಲೆ ನಾಬ್ ತಿರುಗಿಸಿ ಲೈಟರ್ ಒತ್ತಿದರು. ಒಲೆ ಹೊತ್ತಿಕೊಂಡಿತು. ಆ ತಾಯಿ ಕೈ ಎತ್ತಿ ನಮ್ಮನ್ನೆಲ್ಲ ಸುಮ್ಮನಿರಿಸಿದರು.

"ಕೇಳ್ತಾ?" ಎಂದು ನನ್ನನ್ನು ಕೇಳಿದರು.

ನಾನು ಕಣ್ಣು ಮುಚ್ಚಿಕೊಂಡೆ. ಒಂದೇ ಸಮ ಸುಯ್ಯೆನ್ನುತ್ತಿತ್ತು.

"ಕೇಳ್ತು ಕಣಮ್ಮ," ಎಂದೆ.

ಕಣ್ಣು ಬಿಟ್ಟಾಗ ಮಗ ಪಾನಾವನ್ನು ಗೋಡೆಯ ಮೊಳೆಗೆ ನೇತುಹಾಕಿ, ಮುದ್ದೆಗೆ ಎಸರಿಡಲು ತಾಯಿಯ ಕೈಗೆ ಪಾತ್ರೆ ಕೊಡುತ್ತಿದ್ದ.